ಹೊಲಿಗೆ ಮಿಷನ್ನಿನ ಮೇಜು

ಗಂಡನಿಂದ ಬೇರೆಯಾದ ಮೇಲೆ ದಾನೇಶ್ವರಿ ಟೀಚರ್ ಗುಂಡ್ಲುಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಭಾನುವಾರ ಬಂತೆಂದರೆ ಕುಲ್ಸುಂ ಬಿಯ ಹಳೇ ಸಾಮಾನಿನ ಅಂಗಡಿಗೆ ಹೋಗಿ ಏನಾದರೊಂದು ತರುವಳು. ಮುರುಕು ಸ್ಟೂಲಿಗೆ ಹಳದಿ ಬಣ್ಣ ಹೊಡೆದಳು. ಹಳೇ ಸೀರೆಗಳನ್ನು ಕತ್ತರಿಸಿ ಕಿಟಕಿಗೆ ಪರದೆ ಮಾಡಿದಳು. ಅಲ್ಲಿಂದಲೇ ತಂದ ಹೊಲಿಗೆ ಮಿಷನ್ನಿನ ಕಬ್ಬಿಣದ ಸ್ಟ್ಯಾಂಡಿನ ತುಕ್ಕು ಉಜ್ಜಿ, ಮೇಲೊಂದು ಹಲಗೆ ಕೂರಿಸಿ ಮೇಜು ಮಾಡಿಕೊಂಡಳು. ಮನೆ ಕಣ್ಣು ತುಂಬುವಂತಾಯಿತು. ನೋಡುವವರು ಮಾತ್ರ ಯಾರೂ ಇರಲಿಲ್ಲ.

ಕೊನೆಗೆ ಕುಲ್ಸುಂ ಬಿಯನ್ನೇ ಕರೆದಳು. ಆಕೆ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದಳು. ಒಂದೊಂದನ್ನೇ ಮೆಚ್ಚುತ್ತಾ ಮೇಜಿನ ಮುಂದೆ ಕೂತವಳು, ಪಾದಗಳನ್ನು ಕೆಳಗಿನ ಪೆಡಲಿನ ಮೇಲಿಟ್ಟು ಮೆಲ್ಲಗೆ ತುಳಿಯತೊಡಗಿದಳು.

“ಇದು ನಂದೇ ಟೀಚರಮ್ಮ. ಇಪ್ಪತ್ತೆಂಟು ವರ್ಷ ತುಳ್ದಿವ್ನಿ. ಕಣ್ಣು ಮಂಜಾಯ್ತು, ಮಾರ್ಬುಟ್ಟೆ.”

“ಅಯ್ಯೋ, ಅವತ್ತೇ ಹೇಳ್ಬಾರ್ದಾಗಿತ್ತಾ? ತಗೊಂಡ್ಹೋಗಿ.”

“ಇನ್ನೇನ್ ಹೊಲಿಯಕ್ಕೆ? ಇಲ್ಲೇ ಚೆಂದಾಗೈತೆ ಬುಡಿ.”

ಟೀ ಆರಿ ತಣ್ಣಗಾಗುವವರೆಗೂ ಆ ಪಾದಗಳು ನಿಲ್ಲಲಿಲ್ಲ. ಹೊರಡುವಾಗ ದಾನೇಶ್ವರಿ ಮುಂದಿನ ಭಾನುವಾರ ಊಟಕ್ಕೆ ಕರೆದಳು.

“ನೋಡನ,” ಎಂದಳು ಕುಲ್ಸುಂ ಬಿ.

ಆ ಭಾನುವಾರ ದಾನೇಶ್ವರಿ ತರಕಾರಿ ಪಲಾವ್ ಮಾಡಿ ಸಂಜೆಯವರೆಗೂ ಕಾದಳು. ಆಕೆ ಬರಲಿಲ್ಲ. ಮಾರನೇ ದಿನ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದರೆ, ಕುಲ್ಸುಂ ಬಿ ಮುಖ ಎತ್ತದೆ ಹೇಳಿದಳು: “ಬೇಜಾರ್ ಮಾಡ್ಕೋಬ್ಯಾಡಿ. ಆ ಮೇಜು ಕಂಡ್ರೆ ಕಾಲು ಸುಮ್ಕಿರಲ್ಲ. ಮನೆಗೋದ್ರೆ ನಿದ್ದೆ ಬರಲ್ಲ.”

ದಾನೇಶ್ವರಿ ಮತ್ತೆ ಕರೆಯಲಿಲ್ಲ. ಬೇಕಿಲ್ಲದ ಒಂದು ಹಿತ್ತಾಳೆ ಹೂದಾನಿ ಕೊಂಡು ಮನೆಯ ಕಡೆ ನಡೆದಳು.