ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲಡಿ. ಇಪ್ಪತ್ತೆರಡು ವರ್ಷ ಆ ಎರಡನೆಯದನ್ನು ತುಳಿದ ಟೀಚರಮ್ಮನಿಗೆ ಹೋದ ವರ್ಷ ಲಕ್ವ ಹೊಡೆದು ಬಲಗಾಲು ಮುಷ್ಕರ ಹೂಡಿತ್ತು. ತಂಗಿ ಏಳು ತಿಂಗಳು ಅವಳ ಪಾದದಡಿ ದಿಂಬಿಟ್ಟು, "ತುಳಿ ಅಕ್ಕಾ, ಭಾವನ ಮುಖ ಅಂದ್ಕೊಂಡು ತುಳಿ," ಎಂದು ಅಭ್ಯಾಸ ಮಾಡಿಸಿದ್ದಳು. ಈಗ ಕಾಲು ಮಾತು ಕೇಳುತ್ತಿತ್ತು. ಡಾಕ್ಟರೂ ಕಾಗದ ಕೊಟ್ಟಿದ್ದರು.

ಸ್ಕೂಲಿನ ಯಜಮಾನರು ಕಾಗದಕ್ಕೆ ಬಗ್ಗುವ ಪೈಕಿಯಲ್ಲ. "ಸ್ಟೀರಿಂಗ್ ನಾನು ಹಿಡೀತೀನಿ. ಬೇಕಂತಲೇ ತಪ್ಪು ಮಾಡ್ತೀನಿ, ನೀವು ನಿಲ್ಲಿಸ್ಬೇಕು. ಒಂದು ತಪ್ಪಿಹೋದ್ರೂ ನಾಳೆಯಿಂದ ಆಫೀಸಲ್ಲಿ ಫೋನ್ ನೋಡ್ಕೊಳ್ಳಿ," ಎಂದಿದ್ದರು.

ಫೋನಿನ ಕುರ್ಚಿ ಎಂದರೆ ಅವಳಿಗೆ ಜೀವಂತ ಸಮಾಧಿ. ತನ್ನದೆಂದು ಉಳಿದಿದ್ದದ್ದು ಈ ಕೆಲಸವೊಂದೇ. ಗಂಡ ಒಂಬತ್ತು ವರ್ಷದ ಹಿಂದೆ ಡೈವೋರ್ಸಿಗೆ ಸಹಿ ಹಾಕಿ, ಇದ್ದೊಂದು ಒಳ್ಳೆಯ ಕುಕ್ಕರನ್ನೂ ಎತ್ತಿಕೊಂಡು ಹೋದ. ಆಮೇಲೆ ಬಂದವರು ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಒಬ್ಬರು. ಬೆಲ್ಲದಂಥ ಮಾತು. ಮೂರು ವರ್ಷ "ಮುಂದಿನ ವರ್ಷ ಮದುವೆ" ಎಂದವರು ಆಸ್ಪತ್ರೆಗೆ ಒಂದೇ ಸಲ ಬಂದು, ದ್ರಾಕ್ಷಿ ಇಟ್ಟು, ಗಡಿಯಾರ ನೋಡಿಕೊಂಡು ಜಾಗ ಖಾಲಿ ಮಾಡಿದರು. ಇಬ್ಬರಿಗೂ ಅವಳು ಹೇಳಿದ್ದು "ಪರವಾಗಿಲ್ಲ" ಎಂದೇ. ಹೆಣ್ಣುಮಕ್ಕಳಿಗೆ ಈ ಮಾತು ಕಲಿಸಿದವರು ಯಾರೋ, ಅವರ ನಾಲಿಗೆ ಸೇದಿಹೋಗಲಿ.

ಯಜಮಾನರಿಗೆ ಎಪ್ಪತ್ತರ ಹತ್ತಿರ, ಆದರೆ ಪರೀಕ್ಷೆಯ ದಿನ ಕೋತಿಗೆ ಹೆಂಡ ಕುಡಿಸಿದಂತೆ ಕಾರು ಓಡಿಸಿದರು. ಕೆಂಪು ದೀಪಕ್ಕೆ ನುಗ್ಗಿದರು, ಹಿಂದಕ್ಕೆ ಬಿಟ್ಟು ಗೋಡೆ ಹುಡುಕಿದರು, ಸೈಕಲ್ಲಿನವನ ಮೇಲೆ ತಿರುಗಿಸಲು ಹೋದರು. ಐದು ಸಲವೂ ಅವಳು ತುಳಿದಳು, ಐದು ಸಲವೂ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು.

ಆರನೆಯ ಸಲ ಎದುರಿಗೆ ಚೀಲ ಹಿಡಿದ ಅಜ್ಜಿಯೊಬ್ಬರು ರಸ್ತೆ ದಾಟುತ್ತಿದ್ದರು. ಅವಳ ಪಾದ ಬ್ರೇಕಿನ ಮೇಲಿತ್ತು, ಒತ್ತಲಿಲ್ಲ. ಕಾರು ನಿಧಾನವಾಗಿ, ಯಜಮಾನರೇ ಒತ್ತಿದ ಬ್ರೇಕಿಗೆ ನಿಂತಿತು.

"ಯಾಕೆ ತುಳೀಲಿಲ್ಲ?"

ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. "ನೀವಾಗ್ಲೇ ಕಾಲು ಬ್ರೇಕಿಗೆ ತಂದಿದ್ರಿ ಸಾರ್. ನಾನೂ ಒತ್ತಿದ್ರೆ ಗಾಡಿ ಗಕ್ಕನೆ ನಿಂತು, ಹಿಂದಿರೋ ವ್ಯಾನು ನಮ್ಮ ಮೇಲೆ ಬರ್ತಿತ್ತು."

ಯಜಮಾನರು ಕನ್ನಡಿ ನೋಡಿದರು. ವ್ಯಾನು ಕಾರಿನ ಬೆನ್ನಿಗೆ ಅಂಟಿಕೊಂಡೇ ನಿಂತಿತ್ತು. ಅವರು ಅದನ್ನು ಗಮನಿಸಿರಲೇ ಇಲ್ಲ. ಪರೀಕ್ಷೆ ಮಾಡಲು ಬಂದವರೇ ಫೇಲು. ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. "ನಾಳೆ ಏಳಕ್ಕೆ ಇಬ್ಬರು ಹೊಸಬರಿದ್ದಾರೆ. ಬಂದ್ಬಿಡಿ."

ಒಂದು ವರ್ಷದಿಂದ ಅವಳ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದು ಹೋಯಿತು. ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ.

"ಏಳಕ್ಕಾಗಲ್ಲ ಸಾರ್. ಬೆಳಗ್ಗೆ ಕಾಲಿಗೆ ವ್ಯಾಯಾಮ ಇದೆ. ಎಂಟೂವರೆಗೆ ಬರ್ತೀನಿ."

ಹುಟ್ಟಿದಾಗಿನಿಂದ ಅವಳು ಯಾರಿಗಾದರೂ ಆಗಲ್ಲ ಎಂದದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ.

"ಎಂಟೂವರೆಗೇ ಬನ್ನಿ," ಎಂದು ಯಜಮಾನರು ಗೇರು ಹಾಕಿದರು.