ಬರ್ರಿ, ನೀರು

ಮನೆಗೆ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡಬೇಕೆಂದು ಬಸವಾಪಟ್ಟಣದಲ್ಲಿ ಯಾರಿಗೂ ಕಲಿಸಬೇಕಿಲ್ಲ. ಚೈತ್ರಶ್ರೀಗೆ ಮಾತ್ರ ಕಲಿಸಬೇಕಾಯಿತು. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಮದುವೆಯ ವಯಸ್ಸು ಬಂದರೂ ಮಾತು ಗಂಟಲು ದಾಟಿರಲಿಲ್ಲ. "ಮನೇಲಿ ದಿನಾ ನಡೆಯೋದನ್ನೇ ಕಲಿಸ್ರಿ. ಅವಳು ಏನಂದ್ರೂ ಉತ್ತರ ಕೊಡ್ರಿ, ಸುಮ್ನೆ ಇರಬ್ಯಾಡ್ರಿ" ಎಂದಿದ್ದರು ಚನ್ನಗಿರಿಯ ವಿಶೇಷ ಶಾಲೆಯ ಟೀಚರ್. ತಾಯಿ ಸರ್ವಮಂಗಳಮ್ಮ ಹಿಡಿದ ಹಟ ಬಿಡುವವಳಲ್ಲ. ತಾನೇ ಹೊರಗೆ ಹೋಗಿ, ನೆಂಟರಂತೆ ಚಪ್ಪಲಿ ಬಿಟ್ಟು ಒಳಗೆ ಬರುವಳು. ಮಗಳು ಚೊಂಬು ಚಾಚಿ ತುಟಿ ಆಡಿಸುವಳು. ಒಂದು ಮಳೆಗಾಲ ಹೋಗಿ ಇನ್ನೊಂದು ಬರುವ ಹೊತ್ತಿಗೆ "ಬರ್ರಿ, ನೀರು" ಎಂಬ ಮಾತು ಸ್ಪಷ್ಟವಾಗಿ ಬಂತು. ಅವತ್ತು ಸರ್ವಮಂಗಳಮ್ಮ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ಮಗಳ ಕೈಯಿಂದ ನೀರು ಕುಡಿಸಿದಳು.

ಅಷ್ಟರಲ್ಲೇ ಕಿರಿಯ ಮಗಳು ಸಂಧ್ಯಾರಾಣಿಯನ್ನು ನೋಡಲು ಸಾಸ್ವೆಹಳ್ಳಿಯಿಂದ ಗಂಡಿನವರು ಬರುವುದು ಗೊತ್ತಾಯಿತು.

"ದೊಡ್ಡೋಳು ಹಿಂದಿನ ಕೋಣೇಲಿ ಇರ್ಲಿ" ಎಂದ ಗಂಡ ಹಾಲೇಶಪ್ಪ. "ನೋಡಿದ್ರೆ, ಸಣ್ಣೋಳ ಹೊಟ್ಟೇಲೂ ಅಂಥದ್ದೇ ಹುಟ್ಟತೈತೆ ಅಂತಾರೆ."

ಅಂಥದ್ದು ಅಂದರೆ ಅವನದೇ ಸ್ವಂತ ಮಗಳು. ಸರ್ವಮಂಗಳಮ್ಮನಿಗೆ ಮೈ ಉರಿಯಿತು. ಆದರೆ ಕಿರಿಯವಳ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಇದನ್ನು ನಮ್ಮ ಹೆಂಗಸರಿಗೆ ಯಾವ ಟೀಚರೂ ಕಲಿಸಬೇಕಿಲ್ಲ.

ಗಂಡಿನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಹಿಂದಿನ ಕೋಣೆಯಿಂದ ಗಟ್ಟಿಯಾಗಿ ಕೇಳಿಸಿತು: "ಬರ್ರಿ, ನೀರು!" ಯಾರೂ ಉತ್ತರ ಕೊಡದಿದ್ದಕ್ಕೆ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ.

"ಯಾರ್ರೀ ಒಳಗೆ?" ಗಂಡಿನ ತಾಯಿ ಕೇಳಿದರು.

ಹಾಲೇಶಪ್ಪ ಹೆಂಡತಿಯ ಕಡೆ ನೋಡಿದ.

"ಟೀವಿ ರೀ. ಆರಿಸಿ ಬರ್ತೀನಿ" ಎಂದು ಸರ್ವಮಂಗಳಮ್ಮ ಎದ್ದಳು.

ಕೋಣೆಯ ಬಾಗಿಲು ತೆರೆದರೆ ಚೈತ್ರಶ್ರೀ ತುಂಬಿದ ಚೊಂಬು ಹಿಡಿದು ನಿಂತಿದ್ದಳು, ಮುಖದ ತುಂಬ ನಗು. "ಬರ್ರಿ" ಎನ್ನುವಷ್ಟರಲ್ಲಿ ತಾಯಿ ಅವಳ ತುಟಿಯ ಮೇಲೆ ಬೆರಳಿಟ್ಟು ಒತ್ತಿದಳು. ಆಮೇಲೆ ಆ ಕೋಣೆಯಿಂದ ಸದ್ದು ಬರಲಿಲ್ಲ.

ಗಂಡಿನವರು ಹೆಣ್ಣನ್ನು ಒಪ್ಪಿ ಹೋದರು. ಹಾಲೇಶಪ್ಪ ಓಣಿಗೆಲ್ಲ ಸಕ್ಕರೆ ಹಂಚಲು ಹೊರಟ. ಸರ್ವಮಂಗಳಮ್ಮ ಮಾತ್ರ ಅಂಗಳಕ್ಕೆ ಹೋಗಿ, ಚಪ್ಪಲಿ ಮೆಟ್ಟಿ, ಮತ್ತೆ ಬಾಗಿಲಲ್ಲಿ ಸದ್ದಾಗುವಂತೆ ಅದನ್ನು ಬಿಟ್ಟು ಹಿಂದಿನ ಕೋಣೆಗೆ ಬಂದಳು.

"ಬಂದೀನಿ ನೋಡವ್ವಾ. ನೀರು ಕೊಡಲ್ಲೇನು?"

ಚೈತ್ರಶ್ರೀ ಚೊಂಬನ್ನು ಕೆಳಗಿಟ್ಟಳು. ಹತ್ತಿರ ಬಂದು, ತಾಯಿಯ ತುಟಿಯ ಮೇಲೆ ಬೆರಳಿಟ್ಟು ಒತ್ತಿದಳು. ಇದನ್ನು ಅವಳು ಒಂದೇ ಸಲಕ್ಕೆ ಕಲಿತಿದ್ದಳು.