ಕೋಳಿಗೂಡಿನ ಕಿಂಡಿ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಹೆಂಡತಿ ಸತ್ತ ಹೇಂಟೆಯನ್ನು ಕಾಲು ಹಿಡಿದು ತಂದು ಗಂಡನ ತಿಂಡಿ ತಟ್ಟೆಯ ಪಕ್ಕದಲ್ಲೇ ಇಟ್ಟಳು.

"ತಿನ್ನೋ ಹೊತ್ತಿಗೆ ಇದೇನೇ?"

"ನೀವು ಕೊಂದಿದ್ದು, ನೀವೇ ನೋಡಿ. ಮಿಕ್ಕವೂ ಗೊರಗೊರ ಅಂತಿವೆ."

ಗಂಡ ವೆಲ್ಡರ್. ಬೀದಿಯವರು ಅವನಿಗಿಟ್ಟ ಹೆಸರು ಕಿಡಿ. ಅದು ಕೆಲಸದಿಂದ ಬಂದದ್ದೋ ಗುಣದಿಂದ ಬಂದದ್ದೋ ಯಾರೂ ವಿಚಾರಿಸಿರಲಿಲ್ಲ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವನ ಮನೆಗೂ ದರ್ಜಿ ತಮ್ಮನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಗೆ ಆತುಕೊಂಡು ಕೋಳಿಗೂಡು. ಗೂಡಿನ ಸೂರಿನ ಕೆಳಗೆ, ಗೋಡೆಯಲ್ಲಿ, ಒಂದು ಇಟ್ಟಿಗೆಯಷ್ಟು ಕಿಂಡಿ ಇತ್ತು. ಮಳೆ ಹಿಡಿಯುವ ಮುಂಚೆ ತಮ್ಮನ ಹೆಂಡತಿ ಆ ಕಡೆಯಿಂದ "ಭಾವ, ಗೂಡು ನಾರ್ತಿದೆ" ಎಂದಿದ್ದಳು. ಇನ್ನೂ ಏನೋ ಹೇಳುತ್ತಿದ್ದಳು. ಕಿಡಿ ಕೇಳಿಸಿಕೊಳ್ಳಲಿಲ್ಲ. ಅವತ್ತೇ ಕಿಂಡಿಗೆ ಇಟ್ಟಿಗೆ ತುರುಕಿ ಗಾರೆ ಮೆತ್ತಿದ. ತಮ್ಮನ ಜತೆ ಮಾತೂ ಅಲ್ಲಿಗೆ ನಿಂತಿತು.

ಮಳೆ ಬಂದ ಮೇಲೆ ಹವೆಯೇ ಹಸಿ. ತೊಳೆದ ಬಟ್ಟೆ ಒಣಗುತ್ತಿರಲಿಲ್ಲ, ಡಬ್ಬಿಯೊಳಗಿನ ಉಪ್ಪು ನೀರಾಗುತ್ತಿತ್ತು. ಗೂಡಿನ ತಗಡಿನ ಸೂರಿನಿಂದ ಒಳಗೆ ಹನಿ ಬೀಳತೊಡಗಿತು. ಅದು ಮಳೆಯದ್ದಲ್ಲ, ಕೋಳಿಗಳ ಉಸಿರಿನದೇ. ಚಳಿಯಾಗಿರಬೇಕೆಂದು ಕಿಡಿ ಗೋಣಿ ಇಳಿಬಿಟ್ಟ, ಒಳಗೊಂದು ಬಲ್ಬು ಉರಿಸಿದ. ಹಬೆ ಹೆಚ್ಚಿತು. ಮುಂದಿನ ತಗಡಿಗೆ ತೂತು ಕೊರೆದ. ಬಂದ ಗಾಳಿ ಹೋಗಲು ದಾರಿಯಿಲ್ಲದೆ ಅಲ್ಲೇ ಕೊಳೆಯಿತು.

"ಆ ಕಿಂಡಿ ತೆಗೀರಿ" ಎಂದಳು ಹೆಂಡತಿ, ತಟ್ಟೆ ಪಕ್ಕದ ಸತ್ತ ಹೇಂಟೆಯನ್ನು ತೋರಿಸಿ.

"ಅವನ ಮುಂದೆ ಕೈಕಟ್ಟಿ ನಿಲ್ಲು ಅಂತೀಯಾ? ಎಲ್ಲಾ ಕೋಳಿ ಸಾಯಲಿ ಬೇಕಾದ್ರೆ."

"ನಿಮ್ಮ ಸಿಟ್ಟನ್ನ ಅವು ಯಾಕ್ರೀ ಉಸಿರಾಡ್ಬೇಕು? ಒಂದ್ಸಲ ತಲೆ ಒಳಗೆ ಹಾಕಿ ನೋಡಿ."

ಹಠಕ್ಕೆ ತಲೆ ಹಾಕಿದ. ಕಣ್ಣು ಉರಿಯಿತು, ಗಂಟಲು ಕಟ್ಟಿತು. ವೆಲ್ಡಿಂಗ್ ಹೊಗೆ ಕುಡಿದೇ ಬೆಳೆದವನು ಕೆಮ್ಮುತ್ತ ಹಿಂದೆ ಸರಿದ. ಒಳಗೆ ಹೆಂಡತಿ ಕೈಯಾರೆ ಸಾಕಿದ ಬಿಳಿ ಹೇಂಟೆ ಕತ್ತು ಚಾಚಿ, ಬಾಯಿ ತೆರೆದು, ಒಂದೊಂದು ಉಸಿರಿಗೂ ಮೈಯೆಲ್ಲ ಕುಲುಕಿಸುತ್ತಿತ್ತು. ಅವನು ಹೋಗಿ ಉಳಿ ಸುತ್ತಿಗೆ ತಂದ.

ನಾಲ್ಕು ಏಟು ಬೀಳುವಷ್ಟರಲ್ಲಿ ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ಯಾರದು ಗೋಡೆ ಒಡೀತಿರೋದು?"

"ನಿಮ್ಮಪ್ಪನ ಮಗ."

"ಗೋಡೆ ನಂದೂ ಹೌದು. ಕೇಳೋದಿಲ್ವಾ?"

"ನಾರುತ್ತೆ ಅಂತ ಹೆಂಡ್ತಿ ಕೈಲಿ ಹೇಳಿಸಿದೋನ್ನ ಏನು ಕೇಳೋದು?"

"ನಾರ್ತಿತ್ತು, ಹೇಳಿದ್ಲು. ಅಳತೆ ಕೊಡೋಕೆ ಬಂದೋರು ಮೂಗು ಮುಚ್ಕೊಂಡು ನಿಲ್ತಿದ್ರು. ಕೆಳಗಿನ ಒದ್ದೆ ಹೊಟ್ಟು ಬದಲಾಯಿಸಿ ಅಂದ್ಲು ಅಷ್ಟೇ. ಕಿಂಡಿ ಮುಚ್ಚು ಅಂತ ಯಾರು ಹೇಳಿದ್ರು? ಅರ್ಧ ಮಾತಿಗೇ ಬೆಂಕಿ ಹತ್ತುತ್ತಲ್ಲ ನಿಂಗೆ."

ಕಿಡಿಯ ನಾಲಿಗೆ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಬಾಯಿ ತೆರೆದ. ಗೂಡಿನೊಳಗೆ ಬಿಳಿ ಹೇಂಟೆಯೂ ಬಾಯಿ ತೆರೆದೇ ಇತ್ತು. ಅವನು ಮಾತು ನುಂಗಿ ಸುತ್ತಿಗೆ ಬೀಸಿದ.

ಇಟ್ಟಿಗೆ ಅಲುಗಾಡಿ ಸಿಕ್ಕಿಕೊಂಡಿತು. ಆ ಕಡೆಯಿಂದ ಬೆರಳುಗಳು ಬಂದು ಅದನ್ನು ಹಿಡಿದವು.

"ನಿನಗೋಸ್ಕರ ಅಲ್ಲ" ಎಂದ ತಮ್ಮ. "ಮೂಕ ಪ್ರಾಣಿ ಅಂತ."

"ಗೊತ್ತು. ಎಳಿ."

ಇಟ್ಟಿಗೆ ಆ ಕಡೆ ಬಿತ್ತು. ಮುಂದಿನ ತೂತಿನಿಂದ ಬಂದ ಗಾಳಿ ಕೋಳಿಗಳ ತಲೆಯ ಮೇಲೆ ಹಾದು ಕಿಂಡಿಯಿಂದ ಹೊರಟಿತು.

ಕಿಡಿ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಒದ್ದೆ ಹೊಟ್ಟನ್ನೆಲ್ಲ ಕೆರೆದು ಎಸೆದು ಒಣ ಹೊಟ್ಟು ಹರಡಿದ. ಇಲಿ ನುಗ್ಗದಂತೆ ಕಿಂಡಿಗೆ ಜಾಲರಿ ಕೂರಿಸಿ, ಅದರಾಚೆ ಪುಟ್ಟದೊಂದು ತಗಡಿನ ಬಾಗಿಲು ಮಾಡಿದ. ಚಿಲಕವನ್ನು ತಮ್ಮನ ಕಡೆಗೆ ಇಟ್ಟ.

"ಅವರ ಕಡೆಗಾ?" ಹೆಂಡತಿ ಕೇಳಿದಳು. "ಮುಚ್ಚಿಬಿಟ್ರೆ?"

"ಮುಚ್ಚಿದ್ರೆ ನಾರ್ತಿದೆ ಅಂತ ಅರ್ಥ" ಎಂದ ಕಿಡಿ. "ಹೊಟ್ಟು ಬದಲಾಯಿಸ್ತೀನಿ."